ಕಂಪ್ಯೂಟರ್ ಎಲ್ಲಿವರೆಗೆ ಬಂದು ನಿಂತಿತು? ಉಪ್ಪುಗಾಳಿಯ ಊರಿನಲ್ಲಿ ದುರಸ್ತಿ ಶುರುವಾಗುವುದು ಇಲ್ಲಿಂದ

‘ಕಂಪ್ಯೂಟರ್ ಆನ್ ಆಗ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ನಾಲ್ಕೈದು ಬೇರೆ ಬೇರೆ ತೊಂದರೆಗಳು ಇರುತ್ತವೆ. ಬಟನ್ ಒತ್ತಿದರೆ ದೀಪವೇ ಹತ್ತುವುದಿಲ್ಲ ಎನ್ನುವವರು ಹೀಗೇ ಹೇಳುತ್ತಾರೆ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎನ್ನುವವರೂ ಹೀಗೇ ಹೇಳುತ್ತಾರೆ. ಲೋಗೋ ಬಂದು ಅಲ್ಲೇ ನಿಂತರೂ, ವಿಂಡೋಸ್‌ನ ಚುಕ್ಕೆಗಳು ಸುತ್ತುತ್ತಲೇ ಇದ್ದರೂ ಮಾತು ಅದೇ. ಶಿರಸಿ ಕಡೆಯ ಹಿರಿಯರು ಫೋನ್ ಮಾಡಿ ‘ತಮಾ, ಕಂಪ್ಯೂಟರ್ ಆನ್ ಆಗ್ತಿಲ್ಲೆ’ ಅಂದಾಗ ನಾನು ಮೊದಲು ಕೇಳುವುದು ಒಂದೇ: ‘ಎಲ್ಲಿವರೆಗೆ ಬಂದು ನಿಲ್ತು ಮಾವ?’

ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರದ ಮನೆ ಅಂಗಡಿಗಳ ಕಂಪ್ಯೂಟರ್ ನೋಡುತ್ತಾ ಬಂದಿರುವ ನನಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಿದೆ. ನಮ್ಮ ಕಡೆ ‘ಮದರ್‌ಬೋರ್ಡ್ ಹೋಯ್ತು’ ಎಂದು ಕೈಬಿಡುವ ಎಷ್ಟೋ ಯಂತ್ರಗಳಲ್ಲಿ ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಕೂಡಿಸುವ ಮುಖ್ಯ ಹಲಗೆ) ಚೆನ್ನಾಗೇ ಇರುತ್ತದೆ. ತೊಂದರೆ ಇರುವುದು ಬರುವ ಕರೆಂಟಿನಲ್ಲಿ, ಇಲ್ಲವೇ ಎರಡು ಲೋಹಗಳು ಮುಟ್ಟುವ ಜಾಗದಲ್ಲಿ. ಇವೆರಡನ್ನು ಸರಿಯಾಗಿ ನೋಡುವ ಮೊದಲು ಯಾವ ಬಿಡಿಭಾಗಕ್ಕೂ ದುಡ್ಡು ಹಾಕಬೇಡಿ.

ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ. ಮೊದಲು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸುತ್ತದೆ. ವೋಲ್ಟೇಜ್ ಸ್ಥಿರವಾದ ಮೇಲೆ, ಅಂದರೆ ಅರ್ಧ ಸೆಕೆಂಡಿನೊಳಗೆ, ‘ಎಲ್ಲ ಸರಿ ಇದೆ’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳಿಸುತ್ತದೆ. ಆಗ ಲೆಕ್ಕಾಚಾರ ಮಾಡುವ ಮುಖ್ಯ ಚಿಪ್, ಅಂದರೆ ಪ್ರೊಸೆಸರ್, ಎದ್ದು ಬಯಾಸ್ ಎಂಬ ಪುಟ್ಟ ಪ್ರೋಗ್ರಾಂ ಓದಲು ಶುರು ಮಾಡುತ್ತದೆ. ಬಯಾಸ್ ರ‍್ಯಾಮ್ (ಕೆಲಸ ಮಾಡುವಾಗಿನ ತಾತ್ಕಾಲಿಕ ನೆನಪು), ಡಿಸ್‌ಪ್ಲೇ, ಕೀಬೋರ್ಡ್ ಎಲ್ಲ ಪರೀಕ್ಷೆ ಮಾಡುತ್ತದೆ. ಅದು ಮುಗಿದ ಮೇಲೆ ಡಿಸ್ಕ್ ಹುಡುಕುತ್ತದೆ. ಡಿಸ್ಕಿನಿಂದ ವಿಂಡೋಸ್ ಮೇಲೇಳುತ್ತದೆ. ಒಂದು ಹಂತ ಮುಗಿಯದೆ ಮುಂದಿನದು ಶುರುವಾಗುವುದಿಲ್ಲ. ಹಾಗಾಗಿ ಲೋಗೋ ಕಂಡಿದೆ ಅಂದರೆ ಪ್ರೊಸೆಸರ್ ಎದ್ದಿದೆ, ರ‍್ಯಾಮ್ ಸಿಕ್ಕಿದೆ, ಪರದೆಗೆ ಚಿತ್ರ ಹೋಗುತ್ತಿದೆ. ಅಲ್ಲಿ ನಿಂತು ಹೊಸ ರ‍್ಯಾಮ್ ತರಿಸುವುದು ದುಡ್ಡು ದಂಡ. ಅದೇ ರೀತಿ, ದೀಪವೇ ಹತ್ತದ ಯಂತ್ರಕ್ಕೆ ವಿಂಡೋಸ್ ಮತ್ತೆ ಹಾಕಿಸಬೇಕು ಎನ್ನುವುದಕ್ಕೂ ಅರ್ಥವಿಲ್ಲ.

ದೀಪವೇ ಹತ್ತದಿದ್ದರೆ

ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಇದನ್ನು ಮಾಡದೇ ಅಂಗಡಿಗೆ ಹೊತ್ತು ತರುವವರು ಬಹಳ ಜನ. ಮನೆಯ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಸಣ್ಣ ಬ್ಯಾಟರಿ. ಎರಡು ಮೂರು ವರ್ಷಕ್ಕೆ ಅದರ ಕಸುವು ಮುಗಿಯುತ್ತದೆ. ಪದೇ ಪದೇ ಕರೆಂಟ್ ಹೋಗುವ ಊರಲ್ಲಿ ಇನ್ನೂ ಬೇಗ. ಬ್ಯಾಟರಿ ಸತ್ತ ಯುಪಿಎಸ್ ದೀಪ ತೋರಿಸುತ್ತಾ ಕೂತಿರುತ್ತದೆ. ಕಂಪ್ಯೂಟರಿನ ಭಾರ ಬಿದ್ದ ಕೂಡಲೇ ಕೈಚೆಲ್ಲುತ್ತದೆ.

ಘಟ್ಟದ ಮೇಲೆ ಇನ್ನೊಂದು ಸಂಗತಿ ಇದೆ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ಲೈನಿನ ಕೊನೆಯ ಮನೆಗೆ ಬರುವ ವೋಲ್ಟೇಜ್ ಕುಸಿಯುತ್ತದೆ. ಬಲ್ಬು ಮಂಕಾಗುತ್ತದೆ, ಫ್ಯಾನ್ ನಿಧಾನವಾಗುತ್ತದೆ, ಕಂಪ್ಯೂಟರ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತದೆ. ಎಸ್‌ಎಂಪಿಎಸ್ ಮೈಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಕೆಲವದರಲ್ಲಿ 200ರಿಂದ 240 ವೋಲ್ಟ್ ಎಂದಿರುತ್ತದೆ, ಕೆಲವದರಲ್ಲಿ 100ರಿಂದ 240 ಎಂದಿರುತ್ತದೆ. ಲೋ ವೋಲ್ಟೇಜ್ ಇರುವ ಹಳ್ಳಿಗೆ ಎರಡನೆಯದೇ ಬೇಕು. ಹೊಸದು ಕೊಳ್ಳುವಾಗ ಆ ಚೀಟಿ ಓದಿ ಕೊಳ್ಳಿ. ಇದನ್ನು ಯಾರೂ ಕೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ.

ಇನ್ನು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯಾ? ‘ಅದು ಮೊದಲಿಂದಲೂ ಹಾಗೇ’ ಎಂದು ಸುಮ್ನೆ ಬಿಟ್ಟಿದ್ದೀರಾ? ಬಿಡಬೇಡಿ. ಎಸ್‌ಎಂಪಿಎಸ್ ಒಳಗೆ ಎರಡು ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿನ ಲೋಹಕ್ಕೆ ಸೇರಿರುತ್ತವೆ. ಕರೆಂಟಿನಲ್ಲಿರುವ ಕಸ, ಅಂದರೆ ವಿದ್ಯುತ್ ಗದ್ದಲವನ್ನು, ನೆಲಕ್ಕೆ ಇಳಿಸುವುದು ಅವುಗಳ ಕೆಲಸ. ಪ್ಲಗ್ಗಿನ ಮೂರನೇ ಪಿನ್ನಿಗೆ ನೆಲ ಸಿಗದಿದ್ದರೆ ಕ್ಯಾಬಿನೆಟ್ ಎರಡರ ನಡುವೆ ತೂಗಾಡುತ್ತದೆ. 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ಅದರ ಮೈಮೇಲೆ ಕೂತಿರುತ್ತದೆ. ಟೆಸ್ಟರ್ ಇಟ್ಟರೆ ಒಳಗಿನ ದೀಪ ಮಿಣುಕುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಬರೀ ಜುಮ್ ಅನ್ನಿಸುತ್ತದೆ. ಆದರೆ ನೀವು ಪ್ರಿಂಟರ್, ಮಾನಿಟರ್ ಕೇಬಲ್ ಚುಚ್ಚುವಾಗ ಆ ವೋಲ್ಟೇಜ್ ಪೋರ್ಟಿನ ಮೂಲಕ ಹಾರುತ್ತದೆ. ಯುಎಸ್‌ಬಿ ಪೋರ್ಟ್‌ಗಳು ಒಂದೊಂದಾಗಿ ಸಾಯುವ ಮನೆಗಳಲ್ಲಿ ನಾನು ಮೊದಲು ನೋಡುವುದು ಅರ್ಥ್ ಗುಂಡಿಯನ್ನೇ. ನಮ್ಮದು ಚಿರೇಕಲ್ಲಿನ ನೆಲ. ಮಳೆಗಾಲದಲ್ಲಿ ಒದ್ದೆ ಇರುತ್ತದೆ, ಮಾರ್ಚ್ ಬಂತೆಂದರೆ ಒಣಗಿ ಬಿರಿಯುತ್ತದೆ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿಯಾದರೂ ನೀರು ಕಾಣದಿದ್ದರೆ ಅದು ಹೆಸರಿಗಷ್ಟೇ ಅರ್ಥಿಂಗ್. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

ಗೋಡೆಯ ಪ್ಲಗ್ ಸರಿ ಇದೆ, ಪವರ್ ಕೇಬಲ್ ಬದಲಿಸಿಯೂ ಆಯ್ತು, ಆದರೂ ಸದ್ದಿಲ್ಲ ಅನ್ನಿ. ಆಗ ಪ್ಲಗ್ ಕಿತ್ತು ಪವರ್ ಬಟನ್ನನ್ನು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಚಾರ್ಜ್ ಇಳಿದುಹೋಗುತ್ತದೆ. ಮತ್ತೆ ಹಾಕಿ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಸತ್ತಂತೆ ಬಿದ್ದ ಯಂತ್ರ ಕೆಲವು ಸಲ ಇಷ್ಟಕ್ಕೇ ಎದ್ದುಬಿಡುತ್ತದೆ. ಇದಕ್ಕೂ ಏಳದಿದ್ದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್‌ಗಿಂತ ಜಾಸ್ತಿ ಹಿಡಿದುಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಅಲ್ಲೇ ಇರುತ್ತದೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮಳೆಗಾಲದಲ್ಲಿ ಕರಾವಳಿಯ ಕಂಪ್ಯೂಟರ್‌ಗಳು ಜಾಸ್ತಿ ನಿಲ್ಲುವುದು ಇಲ್ಲೇ. ಕಾರಣ ತಿಳಿಯಲು ಅಡುಗೆಮನೆಯ ಉಪ್ಪಿನ ಭರಣಿ ನೋಡಿದರೆ ಸಾಕು. ಜೂನ್ ಬಂದರೆ ಉಪ್ಪು ತಾನಾಗಿ ಒದ್ದೆಯಾಗುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ, ಅಲ್ವಾ? ಯಾರೂ ನೀರು ಹಾಕಿಲ್ಲ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಕಲ್ಲುಪ್ಪು ಪ್ಯಾಕೆಟ್ ಉಪ್ಪಿಗಿಂತ ಬೇಗ ಒದ್ದೆಯಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಸ್ವಲ್ಪ ಮೆಗ್ನೀಷಿಯಂ ಕ್ಲೋರೈಡ್ ಇರುತ್ತದೆ, ಅದಕ್ಕೆ ಶೇ. 33ರಷ್ಟು ತೇವಾಂಶವೇ ಸಾಕು.

ಕಂಪ್ಯೂಟರಿನೊಳಗೆ ಆಗುವುದೂ ಇದೇ. ಸಮುದ್ರದ ಕಡೆಯಿಂದ ಬೀಸುವ ಗಾಳಿಯಲ್ಲಿ ಕಣ್ಣಿಗೆ ಕಾಣದ ಉಪ್ಪಿನ ಕಣಗಳಿರುತ್ತವೆ. ಕ್ಯಾಬಿನೆಟ್ಟಿನ ಫ್ಯಾನ್ ಅದೇ ಗಾಳಿಯನ್ನು ಒಳಗೆಳೆದು ಬೋರ್ಡಿನ ಮೇಲೆ, ಸ್ಲಾಟಿನ ಸಂದಿಯಲ್ಲಿ, ಪಿನ್ನುಗಳ ಮೇಲೆ ಕೂರಿಸುತ್ತದೆ. ಬೇಸಿಗೆಯಲ್ಲಿ ಅದು ಹೆಚ್ಚು ಕಾಟ ಕೊಡುವುದಿಲ್ಲ. ಮಳೆ ಶುರುವಾಗಿ ತೇವಾಂಶ ಶೇ. 80 ದಾಟಿದ ಕೂಡಲೇ ಆ ಪುಡಿ ಉಪ್ಪುನೀರಿನ ತೆಳು ಪದರವಾಗುತ್ತದೆ. ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ. ಅದು ಲೋಹವನ್ನೂ ತಿನ್ನುತ್ತದೆ. ‘ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆಗೆ ಹೀಗಾಯ್ತು’ ಎಂದು ಜನ ಹೇಳುವುದು ಪೂರ್ತಿ ನಿಜ.

ಇದಕ್ಕೆ ಮೊದಲು ಸಿಕ್ಕಿಬೀಳುವುದು ರ‍್ಯಾಮ್. ಡಿಡಿಆರ್4 ರ‍್ಯಾಮ್ ಪಟ್ಟಿಯೊಂದರಲ್ಲಿ 288 ಸಂಪರ್ಕ ಬಿಂದುಗಳಿವೆ, ಒಂದೊಂದು ಮಗ್ಗುಲಿಗೆ 144. ಅದು ಕೆಲಸ ಮಾಡುವುದು ಬರೀ 1.2 ವೋಲ್ಟ್‌ನಲ್ಲಿ. ಇಷ್ಟು ಸಣ್ಣ ವೋಲ್ಟೇಜಿಗೆ ಕೂದಲಿಗಿಂತ ತೆಳ್ಳಗಿನ ಕೊಳೆಯೂ ಗೋಡೆಯೇ. ಒಂದೇ ಒಂದು ಬಿಂದು ಸರಿಯಾಗಿ ಮುಟ್ಟದಿದ್ದರೂ ಪರೀಕ್ಷೆ ಅಲ್ಲೇ ನಿಲ್ಲಬಹುದು. ಆ ಬಿಂದುಗಳಿಗೆ ಚಿನ್ನದ ಲೇಪ ಇದೆ, ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಸರಿ. ಆದರೆ ಲೇಪ ತೀರಾ ತೆಳು. ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ಕೆಳಗೆ ನಿಕ್ಕಲ್, ತಾಮ್ರ ಇರುತ್ತವೆ. ಉಪ್ಪುನೀರು ಆ ರಂಧ್ರಗಳಿಂದ ಇಳಿದು ತಾಮ್ರವನ್ನು ಹಿಡಿಯುತ್ತದೆ.

ಮಾಡಬೇಕಾದದ್ದು ಇಷ್ಟು. ಪ್ಲಗ್ ಕೀಳಿ. ಕ್ಯಾಬಿನೆಟ್ಟಿನ ಹಿಂದಿನ ಎರಡು ಸ್ಕ್ರೂ ತೆಗೆದರೆ ಎಡಮಗ್ಗುಲಿನ ತಗಡು ಹಿಂದಕ್ಕೆ ಜಾರಿ ಬರುತ್ತದೆ. ಒಳಗಿನ ಪೇಂಟ್ ಇಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಚಾರ್ಜ್ ಇಳಿಯಲಿ. ರ‍್ಯಾಮ್ ಸ್ಲಾಟಿನ ತುದಿಯ ಕ್ಲಿಪ್ಪನ್ನು ಹೊರಕ್ಕೆ ಒತ್ತಿದರೆ ಪಟ್ಟಿ ಟಕ್ ಎಂದು ಮೇಲೇಳುತ್ತದೆ. ಅಂಚುಗಳಲ್ಲಿ ಹಿಡಿದು ಎತ್ತಿ ಬೆಳಕಿಗೆ ಓರೆ ಮಾಡಿ ನೋಡಿ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಜು ಹಿಡಿದಂತೆ ಮಸುಕು ಕಾಣಬಹುದು, ಕೆಲವು ಸಲ ಕಪ್ಪು ಇಲ್ಲವೇ ಹಸಿರು ಚುಕ್ಕೆ. ಮಸುಕನ್ನು ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ, ಹಲ್ಲಿನ ಉದ್ದಕ್ಕೆ ಉಜ್ಜಿ. ಜೋರಾಗಿ ತಿಕ್ಕಿದರೆ ಲೇಪವೇ ಎದ್ದು ಹೋಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಅದು ಇನ್ನೂ ಒಳ್ಳೆಯದು. ನೀರಿನ ಅಂಶ ಕಡಿಮೆ ಇರುವುದನ್ನೇ ಕೇಳಿ. ಸ್ಯಾಂಡ್‌ಪೇಪರ್, ಪೆಟ್ರೋಲ್ ಹತ್ತಿರಕ್ಕೂ ತರಬೇಡಿ. ರಬ್ಬರಿನ ಪುಡಿ ಸ್ಲಾಟಿನೊಳಗೆ ಬೀಳದಂತೆ ದೂರ ಕೂತು ಉಜ್ಜಿ. ಖಾಲಿ ಸ್ಲಾಟಿಗೆ ಬ್ಲೋವರ್ ಹಿಡಿಯಿರಿ, ಬಾಯಲ್ಲಿ ಊದಬೇಡಿ, ಉಸಿರಿನಲ್ಲೂ ತೇವ ಇದೆ. ಮತ್ತೆ ಕೂರಿಸುವಾಗ ಕ್ಲಿಪ್ ತಾನಾಗಿ ಮುಚ್ಚಿಕೊಳ್ಳುವವರೆಗೆ ಒತ್ತಬೇಕು. ಅರ್ಧ ಕೂತ ರ‍್ಯಾಮ್ ಕೊಳೆಯಾದ ರ‍್ಯಾಮಿನಷ್ಟೇ ಕೆಟ್ಟದ್ದು.

ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು, ಆಮೇಲೆ ಬೇರೆ ಸ್ಲಾಟಿನಲ್ಲಿ. ಪ್ರಿಂಟರ್, ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಎಲ್ಲ ಕಿತ್ತಿಡಿ. ಪ್ರೊಸೆಸರ್, ಒಂದು ರ‍್ಯಾಮ್, ಮಾನಿಟರ್ ಇಷ್ಟರಲ್ಲೇ ಚಿತ್ರ ಬರಬೇಕು. ಬಂದರೆ ಕಿತ್ತಿಟ್ಟದ್ದನ್ನು ಒಂದೊಂದಾಗಿ ಸೇರಿಸಿ. ಯಾವುದು ಸೇರಿದಾಗ ಮತ್ತೆ ಕಪ್ಪಾಯಿತೋ ಅದೇ ಕಳ್ಳ.

ಸದ್ದಿಗೂ ಕಿವಿಗೊಡಿ. ಬೋರ್ಡಿಗೆ ಪುಟ್ಟ ಸ್ಪೀಕರ್ ಇದ್ದರೆ ಬೀಪ್ ಬರುತ್ತದೆ. ಒಂದು ಸಣ್ಣ ಬೀಪ್ ಅಂದರೆ ಸಾಮಾನ್ಯವಾಗಿ ಪರೀಕ್ಷೆ ಪಾಸ್. ಉದ್ದನೆಯ ಬೀಪ್ ಬಿಟ್ಟು ಬಿಟ್ಟು ಬರುತ್ತಲೇ ಇದ್ದರೆ ಹೆಚ್ಚಿನ ಬೋರ್ಡುಗಳಲ್ಲಿ ಅದು ರ‍್ಯಾಮಿನ ದೂರು. ಬೋರ್ಡ್ ತಯಾರಕರ ಪ್ರಕಾರ ಬೀಪಿನ ಲೆಕ್ಕ ಬದಲಾಗುತ್ತದೆ, ಅದರ ಕೈಪಿಡಿಯನ್ನೇ ನೋಡಬೇಕು. ಹೊಸ ಬೋರ್ಡುಗಳಲ್ಲಿ ಬೀಪಿನ ಬದಲು ಸಿಪಿಯು (ಪ್ರೊಸೆಸರ್), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಚಿತ್ರ), ಬೂಟ್ (ಡಿಸ್ಕಿನಿಂದ ಏಳುವುದು) ಎಂದು ಬರೆದ ನಾಲ್ಕು ಚುಕ್ಕೆ ದೀಪಗಳಿರುತ್ತವೆ. ಯಾವುದು ಆರದೆ ಉಳಿಯಿತೋ ಅಲ್ಲೇ ಯಂತ್ರ ನಿಂತಿದೆ. ಇದಕ್ಕಿಂತ ಸುಲಭದ ಉತ್ತರ ಬೇರೆ ಸಿಗುವುದಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದೆ ಅಂತಲೂ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿನ ಪೋರ್ಟಿಗೇ ಹೋಗಬೇಕು. ಮನೆ ಗುಡಿಸುವಾಗ ಎಳೆದು ಮತ್ತೆ ಚುಚ್ಚಿದ ಕೇಬಲ್‌ಗಳು ಆಗಾಗ ತಪ್ಪು ಜಾಗ ಸೇರುತ್ತವೆ.

ಲೋಗೋ ಬಂತು, ಡಿಸ್ಕ್ ಸಿಗಲಿಲ್ಲ

ಕಪ್ಪು ಪರದೆಯ ಮೇಲೆ ಬೂಟ್ ಮಾಡುವ ಸಾಧನ ಸಿಗುತ್ತಿಲ್ಲ ಎಂಬ ಅರ್ಥದ ಸಾಲು ಬಂದರೆ ಮೊದಲು ಚುಚ್ಚಿರುವ ಪೆನ್‌ಡ್ರೈವ್ ತೆಗೆಯಿರಿ. ಕೆಲವು ಯಂತ್ರಗಳು ಅದರಿಂದಲೇ ಏಳಲು ನೋಡಿ ಸೋಲುತ್ತವೆ. ಆಮೇಲೆ ಬಯಾಸಿನೊಳಗೆ ಹೋಗಿ ಡಿಸ್ಕಿನ ಹೆಸರು ಕಾಣುತ್ತದಾ ನೋಡಿ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಿದ್ದರೆ ಬಯಾಸ್ ತೆರೆಯುತ್ತದೆ. ಹೆಸರು ಇಲ್ಲ ಅಂದರೆ ಡಿಸ್ಕಿನ ಡೇಟಾ ಕೇಬಲ್ ಮತ್ತು ಪವರ್ ಕೇಬಲ್ ಕಿತ್ತು ಮತ್ತೆ ಹಾಕಿ. ಇಲ್ಲೂ ಅದೇ ಉಪ್ಪು, ಅದೇ ಸಂಪರ್ಕದ ಕಥೆ.

ಬಯಾಸಿನಲ್ಲಿ ದಿನಾಂಕ ನೋಡುವುದನ್ನು ಮರೆಯಬೇಡಿ. ಅದು ಹತ್ತು ವರ್ಷ ಹಿಂದಿನದಾಗಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಸಿಆರ್2032 ಎಂದು ಅದರ ಮೇಲೆ ಬರೆದಿರುತ್ತದೆ. 3 ವೋಲ್ಟ್‌ನದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಈ ಪುಟ್ಟ ಬ್ಯಾಟರಿ ಮಾಡುವ ತರಲೆ ನೋಡಿ: ಯಾವ ಡಿಸ್ಕಿನಿಂದ ಏಳಬೇಕು ಎಂಬ ನೆನಪು ಬಯಾಸಿಗೆ ಹೋಗುತ್ತದೆ. ಡಿಸ್ಕನ್ನು ಓದುವ ವಿಧಾನದ ಸೆಟ್ಟಿಂಗ್ ಬದಲಾಗಿ ವಿಂಡೋಸ್ ನೀಲಿ ಪರದೆ ತೋರಿಸಬಹುದು. ಹೇಗೋ ಎದ್ದರೂ ಬ್ರೌಸರ್ ಪ್ರತಿ ವೆಬ್‌ಸೈಟಿಗೂ ‘ಸುರಕ್ಷಿತವಲ್ಲ’ ಎನ್ನುತ್ತದೆ. ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಒಂದು ಅವಧಿ ಇರುತ್ತದೆ, ನಿಮ್ಮ ಗಡಿಯಾರದ ಪ್ರಕಾರ ಆ ಅವಧಿ ಇನ್ನೂ ಶುರುವೇ ಆಗಿಲ್ಲ. ಜನ ಇದನ್ನು ವೈರಸ್ ಎಂದುಕೊಂಡು ವಿಂಡೋಸ್ ಅಳಿಸಿ ಮತ್ತೆ ಹಾಕಿಸುತ್ತಾರೆ. ಒಂದು ಸಣ್ಣ ಬ್ಯಾಟರಿಗೋಸ್ಕರ ಫೋಟೋ, ಲೆಕ್ಕಪತ್ರ ಎಲ್ಲ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಮಾಡುತ್ತಿದೆಯಾ? ಅಲ್ಲಿಗೆ ನಿಲ್ಲಿಸಿ. ಆನ್ ಮಾಡುತ್ತಾ ಆಫ್ ಮಾಡುತ್ತಾ ಇರಬೇಡಿ. ಒಳಗಿನ ತಟ್ಟೆಯನ್ನು ಓದುವ ತಲೆ ಜಾಗ ಸಿಗದೆ ಒದ್ದಾಡುವ ಸದ್ದು ಅದು. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಗೆ ಪೆಟ್ಟಾಗುವ ಸಾಧ್ಯತೆ ಇದೆ. ಒಳಗಿನದು ಅಮೂಲ್ಯವಾದರೆ ಡೇಟಾ ರಿಕವರಿ ಮಾಡುವವರ ಕೈಗೇ ಕೊಡಿ.

ಸದ್ದಿಲ್ಲ, ಆದರೆ ಡಿಸ್ಕಿನ ಮೇಲೆ ಅನುಮಾನ ಇದೆ ಎಂದಾದರೆ ಮೊದಲು ಕಾಪಿ, ಆಮೇಲೆ ರಿಪೇರಿ. ಈ ಕ್ರಮ ತಪ್ಪಬಾರದು. ವಿಂಡೋಸ್ ಏಳದಿದ್ದರೂ ಪರವಾಗಿಲ್ಲ. ಬೇರೆ ಕಂಪ್ಯೂಟರಿನಲ್ಲಿ ವಿಂಡೋಸಿನ ಬದಲು ಬಳಸುವ ಉಬುಂಟು ಎಂಬ ಉಚಿತ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಆನ್ ಮಾಡಿ. ಏನನ್ನೂ ಇನ್‌ಸ್ಟಾಲ್ ಮಾಡದೆ ‘ಟ್ರೈ’ ಎಂಬುದನ್ನು ಆರಿಸಿದರೆ ಹಳೆಯ ಡಿಸ್ಕಿನ ಕಡತಗಳು ಕಾಣುತ್ತವೆ, ಹೊರಗಿನ ಡಿಸ್ಕಿಗೆ ಎಳೆದುಕೊಳ್ಳಬಹುದು. ಚೆಕ್‌ಡಿಸ್ಕ್ ಎಂಬ ವಿಂಡೋಸಿನ ಡಿಸ್ಕ್ ಪರೀಕ್ಷೆ ಓಡಿಸುವುದು ಇದಾದ ಮೇಲೆ. ಸಾಯುತ್ತಿರುವ ಡಿಸ್ಕಿನ ಮೂಲೆಮೂಲೆ ಓದಿಸುವ ಕೆಲಸ ಅದು, ಎಷ್ಟೋ ಸಲ ಅದೇ ಕೊನೆಯ ಪೆಟ್ಟಾಗುತ್ತದೆ. ಇನ್ನೊಂದು ಎಚ್ಚರಿಕೆ: ವಿಂಡೋಸ್ 11 ಇರುವ ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಬಯಾಸ್ ರೀಸೆಟ್ ಮಾಡಿದರೆ ಅಥವಾ ಬೋರ್ಡ್ ಬದಲಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಉಬುಂಟುವಿನಿಂದ ಆ ಡಿಸ್ಕ್ ತೆರೆಯಲೂ ಅದೇ ಕೀ ಬೇಕು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಡೈರಿಯಲ್ಲಿ ಬರೆದಿಡಿ.

ವಿಂಡೋಸ್ ಶುರುವಾಗಿ ನಡುವೆ ನಿಂತರೆ ಹೆಚ್ಚು ಹೇಳುವುದಿಲ್ಲ. ಎರಡು ಮೂರು ಸಲ ಹಾಗೆ ನಿಂತ ಮೇಲೆ ಅದು ತಾನಾಗಿ ರಿಪೇರಿಯ ನೀಲಿ ಪರದೆ ತರುತ್ತದೆ. ಅದರಲ್ಲಿ ಇತ್ತೀಚಿನ ಅಪ್‌ಡೇಟ್ ತೆಗೆಯುವ ದಾರಿ ಇದೆ, ಬೇಕಾದಷ್ಟೇ ಪ್ರೋಗ್ರಾಂಗಳೊಂದಿಗೆ ಏಳುವ ಸೇಫ್ ಮೋಡ್ ಇದೆ. ಸೇಫ್ ಮೋಡಿನಲ್ಲಿ ಚೆನ್ನಾಗಿ ಎದ್ದಿತು ಅಂದರೆ ಯಂತ್ರಕ್ಕಿಂತ ಹೊಸದಾಗಿ ಹಾಕಿದ ಡ್ರೈವರ್ (ಬಿಡಿಭಾಗ ನಡೆಸುವ ತಂತ್ರಾಂಶ) ಅಥವಾ ಪ್ರೋಗ್ರಾಂ ಮೇಲೆಯೇ ಅನುಮಾನ ಪಡಿ.

ಮಳೆ, ಸಿಡಿಲು

ಮಳೆಗಾಲದಲ್ಲಿ ಬಳಸದೆ ಇಟ್ಟ ಕಂಪ್ಯೂಟರ್ ಬಳಸಿದ್ದಕ್ಕಿಂತ ಬೇಗ ಹಾಳಾಗುತ್ತದೆ. ದಿನಾ ಸ್ವಲ್ಪ ಹೊತ್ತು ಆನ್ ಇಟ್ಟರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡ, ತೇವ ಒಳಗೇ ಉಳಿಯುತ್ತದೆ. ಬಟ್ಟೆ ಸಾಕು. ನೆಲದ ಮೇಲೆ, ಪಡುವಣ ಕಿಟಕಿಯ ಬುಡದಲ್ಲಿ ಇಡಬೇಡಿ. ವರ್ಷಕ್ಕೆರಡು ಸಲ, ಮಳೆಗೆ ಮೊದಲು ಮತ್ತು ಮಳೆ ಮುಗಿದ ಮೇಲೆ, ತಗಡು ಬಿಚ್ಚಿ ಧೂಳು ತೆಗೆಯಿರಿ. ಇರುವೆ, ಹಲ್ಲಿ ಮೊಟ್ಟೆ, ಕಣಜದ ಮಣ್ಣಿನ ಗೂಡು ಎಲ್ಲ ಒಳಗೆ ಸಿಗುತ್ತವೆ.

ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆ ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಅದರ ಜತೆ ನೆಟ್ ಕೇಬಲ್ಲನ್ನೂ ಕೀಳಿ. ಪವರ್ ಪ್ಲಗ್ ಕಿತ್ತು ನೆಟ್ ಕೇಬಲ್ ಬಿಟ್ಟ ಮನೆಗಳಲ್ಲಿ ಸಿಡಿಲಿನ ಪೆಟ್ಟು ಆ ತಂತಿಯಿಂದಲೇ ಬೋರ್ಡಿಗೆ ಬರುತ್ತದೆ. ಸ್ಪೈಕ್ ಗಾರ್ಡ್ ಇದೆ ಎಂದು ಧೈರ್ಯ ಬೇಡ. ಅರ್ಥಿಂಗ್ ಇಲ್ಲದ ಕಡೆ ಅದರ ಕೆಲಸ ಅರ್ಧಂಬರ್ಧ, ಮನೆ ಮೇಲೆಯೇ ಬೀಳುವ ಸಿಡಿಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮರ ಬಿದ್ದು ಕರೆಂಟ್ ಹೋಗಿದ್ದರೆ ಬಂದ ಕೂಡಲೇ ಆನ್ ಮಾಡದೆ ಐದು ಹತ್ತು ನಿಮಿಷ ಕಾಯಿರಿ.

ಎದ್ದಿತು, ಆದರೆ ನಿಧಾನ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಮೂರರಲ್ಲಿ ಯಾವುದು ನೂರರ ಹತ್ತಿರ ಇದೆ ನೋಡಿ. ಹಳೆಯ ಯಂತ್ರಗಳಲ್ಲಿ ಡಿಸ್ಕ್ ಶೇ. 100ಕ್ಕೆ ಹೋಗಿ ಅಲ್ಲೇ ಕೂತಿರುತ್ತದೆ, ಸಿಪಿಯು ಮಾತ್ರ ಆರಾಮಾಗಿರುತ್ತದೆ. ಹಾಗಿದ್ದರೆ ಪ್ರೊಸೆಸರ್ ಹಳೆಯದಾಯ್ತು ಎಂದು ಹೊಸ ಕಂಪ್ಯೂಟರ್ ತರುವ ಅಗತ್ಯ ಇಲ್ಲ.

ಹಳೆಯ ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಕೇಳಲು ಜೋರು. ಲೆಕ್ಕ ಹಾಕಿದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಜಾಸ್ತಿ. ಓದುವ ತಲೆ ಜಾಗಕ್ಕೆ ಸರಿಯಲು ಇನ್ನಷ್ಟು ಹೊತ್ತು. ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಅದು ಓದಬಲ್ಲದು. ವಿಂಡೋಸ್ ಏಳುವಾಗ ಕೇಳುವುದು ಅಂಥ ಸಾವಿರಾರು ಸಣ್ಣ ಕಡತಗಳನ್ನು. ಎಸ್‌ಎಸ್‌ಡಿ ಎಂಬ, ಚಿಪ್‌ಗಳಲ್ಲಿ ಬರೆದಿಡುವ ಬಗೆಯ ಡಿಸ್ಕಿನಲ್ಲಿ ತಿರುಗುವುದು ಏನೂ ಇಲ್ಲ, ಹಾಗಾಗಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತದೆ. ಹಳೆಯ ಕಂಪ್ಯೂಟರಿಗೆ ನೀವು ಒಂದೇ ಒಂದು ಖರ್ಚು ಮಾಡುವುದಾದರೆ ಎಸ್‌ಎಸ್‌ಡಿಗೆ ಮಾಡಿ. ನಂತರ ರ‍್ಯಾಮನ್ನು 8 ಜಿಬಿಗೆ ಏರಿಸಿ. 4 ಜಿಬಿ ರ‍್ಯಾಮಿನಲ್ಲಿ ಬ್ರೌಸರ್ ತೆರೆದರೆ ಜಾಗ ಸಾಲದೆ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸುತ್ತದೆ. ಆ ಡಿಸ್ಕ್ ತಿರುಗುವ ತಟ್ಟೆಯಾಗಿದ್ದರೆ ಮೌಸ್ ಕೂಡ ತಡವರಿಸುತ್ತದೆ.

ನಿನ್ನೆಯವರೆಗೆ ಚೆನ್ನಾಗಿದ್ದ ಯಂತ್ರ ದಿಢೀರ್ ನಿಧಾನವಾದರೆ ಬೇರೆ ಕಾರಣ ಹುಡುಕಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ಹಳದಿ ಬಣ್ಣದಲ್ಲಿ ಎಚ್ಚರಿಕೆ ಬಂದರೆ ಅದೇ ದಿನ ಬ್ಯಾಕಪ್ ತೆಗೆಯಿರಿ. ಇಲ್ಲವೇ ಬಿಸಿ ಕಾರಣವಿರಬಹುದು. ಪ್ರೊಸೆಸರಿನ ಮೇಲಿನ ಹೀಟ್‌ಸಿಂಕ್ ಸಂದಿಗಳಲ್ಲಿ ನಮ್ಮ ಕಡೆ ಬರೀ ಧೂಳು ಇರುವುದಿಲ್ಲ. ತೇವ ಸೇರಿ ಕಂಬಳಿಯಂತೆ ಗಟ್ಟಿಯಾಗಿರುತ್ತದೆ. ಬಿಸಿ 90, 100 ಡಿಗ್ರಿಯ ಹತ್ತಿರ ಹೋದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಹೀಟ್‌ಸಿಂಕ್ ಬಿಚ್ಚಿದರೆ ಹೊಸ ಥರ್ಮಲ್ ಪೇಸ್ಟ್ (ಬಿಸಿ ದಾಟಿಸುವ ಲೇಪ) ಹಚ್ಚದೆ ಮತ್ತೆ ಕೂರಿಸಬೇಡಿ.

ಇನ್ನೊಂದು ಸಣ್ಣ ಸಂಗತಿ. ವಿಂಡೋಸ್ 8 ಬಂದಾಗಿನಿಂದ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಮಾರನೇ ದಿನ ಬೇಗ ಏಳಲಿ ಎಂದು ವಿಂಡೋಸಿನ ಒಂದು ಭಾಗವನ್ನು ಡಿಸ್ಕಿನಲ್ಲಿ ಹಾಗೇ ಉಳಿಸಿಡುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕೆಂದರೆ ರೀಸ್ಟಾರ್ಟ್ ಒತ್ತಬೇಕು. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ‘ಅಪ್‌ಟೈಮ್’, ಅಂದರೆ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬುದನ್ನು, ನೋಡಿ. ದಿನಾ ರಾತ್ರಿ ಆಫ್ ಮಾಡುವವರ ಯಂತ್ರದಲ್ಲೂ ವಾರಗಟ್ಟಲೆ ತೋರಿಸುತ್ತಿರುತ್ತದೆ.

ಕೊನೆಗೆ ವಿಂಡೋಸ್ 10 ಇರುವವರ ಪ್ರಶ್ನೆ. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಅದಿಲ್ಲದ ಯಂತ್ರವನ್ನು ಗುಜರಿಗೆ ಹಾಕಬೇಡಿ. ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿದರೆ ಮಕ್ಕಳ ಓದು, ಬ್ಯಾಂಕ್ ಕೆಲಸ, ವಿಡಿಯೋ ಎಲ್ಲ ಇನ್ನೂ ಕೆಲವು ವರ್ಷ ನಡೆಯುತ್ತದೆ. ಡಿಟಿಪಿ ಅಂಗಡಿಯವರು ಮಾತ್ರ ಮೊದಲು ಇನ್ನೊಂದು ಕೆಲಸ ಮುಗಿಸಿಕೊಳ್ಳಬೇಕು. ಮದುವೆ ಕರೆಯೋಲೆ, ಯಕ್ಷಗಾನದ ಕರಪತ್ರ, ಸಂಘದ ವರದಿ ಎಲ್ಲ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿದ್ದರೆ ಆ ಫಾಂಟ್ ಇಲ್ಲದ ಕಡೆ ಅವು ಕನ್ನಡವಾಗಿ ಕಾಣುವುದಿಲ್ಲ. ಹಳೆಯ ಯಂತ್ರ ಎದ್ದು ನಡೆಯುತ್ತಿರುವಾಗಲೇ ಎಲ್ಲವನ್ನೂ ಎಲ್ಲ ಕಡೆ ಓದಲಾಗುವ ಯೂನಿಕೋಡಿಗೆ ಬದಲಿಸಿ. ಫಾಂಟ್ ಕಡತಗಳ ಸಮೇತ ಹೊರಗಿನ ಡಿಸ್ಕಿನಲ್ಲಿ ಎರಡು ಪ್ರತಿ ಇಡಿ. ಶಿರಸಿಯವರಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಮುಂಚೆ ಇದಕ್ಕೆ ಕೈಹಾಕಬೇಡಿ. ಜಾತ್ರೆಯ ಪ್ರಿಂಟಿಂಗ್ ಕೆಲಸ ಮುಗಿದ ಮೇಲೆ ಬಿಡುವು ಮಾಡಿಕೊಂಡು ಮಾಡಿ.